ಕೊಂಬೆಗಳ ನಡುವಿನ ಆಕಾಶ

ಅಮೂರ್ತ ಚಿತ್ರ ತಮಗೆ ಅರ್ಥವಾಗದು ಎಂದು ಹಿಂಜರಿಯುವವರಿಗೆ ನಾನು ಮೊದಲು ತೋರಿಸುವುದು ಒಂದು ಮರವನ್ನು. ಡಚ್ ಕಲಾವಿದ ಪೀಟ್ ಮಾಂಡ್ರಿಯಾನ್ 1908ರಿಂದ 1910ರ ನಡುವೆ ಬರೆದ ‘ಸಂಜೆ: ಕೆಂಪು ಮರ’ ಅದು. ಈತನ ಹೆಸರು ಕೇಳಿರದಿದ್ದರೂ ಬಿಳಿಯ ಮೇಲೆ ಕಪ್ಪು ಗೆರೆ, ಕೆಂಪು, ನೀಲಿ, ಹಳದಿ ಚೌಕಗಳಿರುವ ಚಿತ್ರಗಳನ್ನು ನೀವು ಯಾವುದೋ ಬಟ್ಟೆಯ ಮೇಲೋ ಪುಸ್ತಕದ ಹೊದಿಕೆಯ ಮೇಲೋ ನೋಡಿರುತ್ತೀರಿ. ಅವನ್ನು ಬರೆದ ಕೈಯೇ ಈ ಮರವನ್ನೂ ಬರೆದದ್ದು. ಮರದಿಂದ ಆ ಚೌಕಗಳವರೆಗಿನ ದಾರಿಯಲ್ಲಿ ನಿಧಾನವಾಗಿ ನಡೆದು ಬರೋಣ. ಎಲ್ಲಿಯೂ ಹಾರಬೇಕಾಗಿಲ್ಲ.

ಮಾಂಡ್ರಿಯಾನ್ ಹುಟ್ಟಿದ್ದು 1872ರಲ್ಲಿ, ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿ. ತಂದೆ ಶಾಲಾ ಮೇಷ್ಟ್ರು, ಚಿತ್ರಕಲೆ ಬಲ್ಲವರು, ಚಿಕ್ಕಪ್ಪ ಚಿತ್ರಕಾರ. ಮೂವತ್ತೈದು ದಾಟುವ ತನಕ ಆತ ಬರೆದದ್ದೆಲ್ಲ ಹೆಚ್ಚುಕಡಿಮೆ ಕಣ್ಣೆದುರಿನ ನಾಡನ್ನೇ: ಗಾಳಿಯಂತ್ರ, ಹೊಳೆಯ ದಂಡೆ, ತೋಟದ ಮನೆ, ನೀರಿನಲ್ಲಿ ಬಿದ್ದ ಮರಗಳ ನೆರಳು.

ಈಗ ಕೆಂಪು ಮರಕ್ಕೆ ಬನ್ನಿ. ಒಂದು ಮೀಟರಿಗೆ ತುಸು ಕಡಿಮೆ ಅಗಲದ ಕ್ಯಾನ್ವಾಸ್. ಎಲೆ ಉದುರಿದ ಮರ. ಕೊಂಬೆಗಳು ಮೇಲೇರುವುದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ಹರಡಿವೆ. ಮರ ಕೆಂಪು, ಆಕಾಶ ನೀಲಿ. ಹತ್ತಿರದಿಂದ ನೋಡಿದರೆ ಕಾಂಡದೊಳಗೂ ನೀಲಿಯ ಎಳೆಗಳಿವೆ, ನೆಲದ ಮೇಲೂ ಕೆಂಪಿನ ಚೂರುಗಳಿವೆ. ಯಾವ ಮರವೂ ಇಷ್ಟು ಕೆಂಪಗಿರುವುದಿಲ್ಲ. ಬಣ್ಣ ಇಲ್ಲಿ ಮರದ ಗುರುತು ಹೇಳುವ ಕೆಲಸವನ್ನು ಬಿಟ್ಟು, ಕಂತುವ ಬೆಳಕಿನಲ್ಲಿ ಮರ ನಿಂತಿರುವ ಬಿಗುವನ್ನು ಹೇಳತೊಡಗಿದೆ. ಅಮೂರ್ತದ ಕಡೆಗೆ ಮೊದಲ ಹೆಜ್ಜೆ ಇದು. ಮರ ಮಾತ್ರ ಇನ್ನೂ ಮರವಾಗಿಯೇ ಇದೆ.

1911ರ ಶರತ್ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಮಾಂಡ್ರಿಯಾನ್ ಪಿಕಾಸೊ ಮತ್ತು ಬ್ರಾಕ್ ಅವರ ಚಿತ್ರಗಳನ್ನು ನೋಡಿದ. ಸ್ವಲ್ಪ ಸಮಯದಲ್ಲೇ ಪ್ಯಾರಿಸ್‌ಗೆ ಹೊರಟ. ಅದೇ ವರ್ಷದ ‘ಬೂದು ಮರ’ದಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಬೂದಿ ಮತ್ತು ಕಪ್ಪು, ಅಷ್ಟೇ. ನಾನು ವಿದ್ಯಾರ್ಥಿಗಳನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಇಲ್ಲಿ. ಏಕೆಂದರೆ ಈ ಚಿತ್ರದಲ್ಲಿ ಕೊಂಬೆಗಳ ನಡುವಿನ ಆಕಾಶವನ್ನು ಕೊಂಬೆಗಳಷ್ಟೇ ದಪ್ಪ ಬಣ್ಣದಿಂದ, ಅಷ್ಟೇ ಒತ್ತಿನ ಕುಂಚದಿಂದ ತುಂಬಲಾಗಿದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ಹೇಳಲಾಗುವುದಿಲ್ಲ.

ಇದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ನೀವೇ ಮಾಡಿ ನೋಡುವುದು ಮೇಲು. ಚಳಿಗಾಲ ಮುಗಿಯುವ ಹೊತ್ತಿಗೆ ಬೂರುಗವೋ ದೇವಗಣಗಿಲೆಯೋ ಎಲೆ ಕಳಚಿ ನಿಂತಿರುತ್ತದಲ್ಲ, ಅದರ ಬುಡದಲ್ಲಿ ಕುಳಿತು ಮೇಲಕ್ಕೆ ನೋಡಿ. ಕೊಂಬೆಯನ್ನು ಬರೆಯಬೇಡಿ. ಎರಡು ಕೊಂಬೆಗಳ ನಡುವೆ ಸಿಕ್ಕಿಕೊಂಡ ಆಕಾಶದ ತುಂಡನ್ನು ಬರೆಯಿರಿ, ಅದರ ಪಕ್ಕದ ತುಂಡನ್ನು ಬರೆಯಿರಿ. ಹತ್ತು ತುಂಡು ಬರೆಯುವಷ್ಟರಲ್ಲಿ ಹಾಳೆಯ ಮೇಲೆ ಮರ ತಾನಾಗಿ ಬಂದಿರುತ್ತದೆ. ಮೊದಮೊದಲು ಕೈ ಮತ್ತೆ ಮತ್ತೆ ಕೊಂಬೆಗೇ ಓಡುತ್ತದೆ. ‘ಮರ’ ಎಂಬ ಹೆಸರನ್ನು ಮನಸ್ಸು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಾಂಡ್ರಿಯಾನ್‌ನಿಗೆ ಆ ಹೆಸರು ಸಡಿಲವಾಗಲು ವರ್ಷಗಳೇ ಬೇಕಾದವು.

1912ರ ‘ಹೂಬಿಟ್ಟ ಸೇಬಿನ ಮರ’ದಲ್ಲಿ ಹೂವನ್ನು ಹುಡುಕಿದರೆ ಸಿಗುವುದಿಲ್ಲ. ಬಾಗಿದ ಗೆರೆಗಳು ಒಂದನ್ನೊಂದು ಹಾಯ್ದು ಎಲೆಯಾಕಾರದ ಸಂದುಗಳಾಗಿವೆ. ನಡುವೆ ತೆಳುವಾದ ಬೂದು, ಹಸಿರು, ಕಾವಿ. ಗೆರೆಗಳು ನಡುವಿನಲ್ಲಿ ದಟ್ಟವಾಗಿ, ಅಂಚಿಗೆ ಹೋದಂತೆ ಕರಗುತ್ತವೆ. ಮರ ಹೋಯಿತು, ಮರದ ಉಸಿರು ಉಳಿಯಿತು ಎಂದು ನನಗೆ ಈ ಚಿತ್ರವನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಮರದ ನಂತರ ಸಮುದ್ರ. 1914ರಲ್ಲಿ ತಂದೆಯ ಕಾಯಿಲೆಯ ಕಾರಣ ಊರಿಗೆ ಬಂದವನು ಮಹಾಯುದ್ಧದಿಂದಾಗಿ ಅಲ್ಲೇ ಉಳಿಯಬೇಕಾಯಿತು. ಝೇಲಂಡ್‌ನ ಕಡಲತೀರದ ಡೊಂಬುರ್ಗ್ ಆತನಿಗೆ ಮೊದಲೇ ಪರಿಚಿತ. ಅಲ್ಲಿ ಮರದ ಗೂಟಗಳ ಸಾಲು ದಡದಿಂದ ನೀರಿನೊಳಕ್ಕೆ ಚಾಚಿಕೊಂಡಿರುತ್ತದೆ. ಅಲೆ ಅಡ್ಡ, ಗೂಟಗಳ ಸಾಲು ಉದ್ದ. ಇದ್ದಿಲು ಹಿಡಿದು ಆತ ಮಾಡಿದ ಚಿತ್ರಗಳಲ್ಲಿ ಹೊಳೆಯುವ ನೀರು ಚಿಕ್ಕ ಚಿಕ್ಕ ಅಡ್ಡಗೆರೆ, ಉದ್ದಗೆರೆಗಳಾಗಿ ಒಡೆಯುತ್ತದೆ. ಗಣಿತದ ಕೂಡು, ಕಳೆ ಚಿಹ್ನೆಗಳು ಹರಡಿದಂತೆ. 1915ರ ತೈಲಚಿತ್ರ ‘ಸಂಯೋಜನೆ 10’ ಇವುಗಳ ಫಲ. ಬರೀ ಕಪ್ಪು ಗೆರೆ, ಬಿಳಿ ನೆಲ. ಕಡಲನ್ನು ನೋಡಿ ಬಂದ ಕಣ್ಣಿಗೆ ಅದು ಈಗಲೂ ಮಿಣುಗುತ್ತದೆ.

ಬಾಗಿದ ಗೆರೆಯನ್ನು ಆತ ಏಕೆ ಬಿಟ್ಟ? 1909ರಲ್ಲಿ ಥಿಯಾಸಾಫಿಕಲ್ ಸೊಸೈಟಿ ಸೇರಿದ್ದ ಮಾಂಡ್ರಿಯಾನ್‌ನಿಗೆ, ಬದಲಾಗುವ ರೂಪಗಳ ಹಿಂದೆ ಬದಲಾಗದ ಒಂದು ಸಮತೋಲನವಿದೆ ಎಂಬ ನಂಬಿಕೆಯಿತ್ತು. ನೆಟ್ಟಗೆ ನಿಂತದ್ದು, ಅಡ್ಡಕ್ಕೆ ಮಲಗಿದ್ದು, ಇವೆರಡೂ ಸಂಧಿಸುವ ನೇರ ಮೂಲೆ ಆ ಸಮತೋಲನದ ಗುರುತು. ಇದನ್ನು ಆತ 1919–20ರಲ್ಲಿ ‘ಡಿ ಸ್ಟೈಲ್’ ಪತ್ರಿಕೆಯಲ್ಲಿ ಸಂಭಾಷಣೆಯಾಗಿಯೇ ಬರೆದ: ಕಲೆ ತಿಳಿಯದ ಒಬ್ಬ, ಪ್ರಕೃತಿಚಿತ್ರ ಬರೆಯುವ ಒಬ್ಬ, ಅಮೂರ್ತ ಬರೆಯುವ ಒಬ್ಬ, ಮೂವರೂ ಹಳ್ಳಿಯ ಬಯಲಿನಿಂದ ನಗರದತ್ತ ಮಾತಾಡುತ್ತ ನಡೆಯುತ್ತಾರೆ. ಮಾತು ಶುರುವಾಗುವುದು ಬಯಲಿನ ಮೇಲಿನ ಚಂದ್ರನಿಂದ. ಮುಗಿಯುವುದು ಚಿತ್ರಕಾರನ ಕೋಣೆಯಲ್ಲಿ. ಅಮೂರ್ತ ಎಂದರೆ ಹೊರಗಿನ ಲೋಕಕ್ಕೆ ಬೆನ್ನು ಹಾಕುವುದು ಎನ್ನುವವರಿಗೆ ನಾನು ಈ ಬರಹವನ್ನು ನೆನಪಿಸುತ್ತೇನೆ.

1920ರ ದಶಕದ ಚೌಕಗಳ ಚಿತ್ರಗಳನ್ನು ಅಚ್ಚಿನಲ್ಲಿ ಮಾತ್ರ ನೋಡಿದವರು ಅವು ಅಳತೆಪಟ್ಟಿಯ ಕೆಲಸ ಎಂದುಕೊಳ್ಳುತ್ತಾರೆ. ಹಾಗಲ್ಲ. ಗೆರೆಯನ್ನು ಕೂದಲೆಳೆಯಷ್ಟು ಸರಿಸಿ, ಅಳಿಸಿ, ಮತ್ತೆ ಬಳಿದು ಆತ ಅವುಗಳನ್ನು ಕಟ್ಟುತ್ತಿದ್ದ. ಬಿಳಿ ಕೂಡ ಒಂದೇ ಬಿಳಿಯಲ್ಲ. ಒಂದೊಂದು ಮನೆಯಲ್ಲಿ ಕುಂಚ ಒಂದೊಂದು ದಿಕ್ಕಿಗೆ ಓಡಿರುತ್ತದೆ, ಬೆಳಕು ಅದಕ್ಕೆ ತಕ್ಕಂತೆ ಬೀಳುತ್ತದೆ. ಆ ಬಿಳಿಯನ್ನು ಖಾಲಿ ಜಾಗವೆಂದು ದಾಟಿಹೋಗದೆ, ಮರದ ಕೆಳಗೆ ಕುಳಿತು ಆಕಾಶದ ತುಂಡುಗಳನ್ನು ನೋಡಿದಂತೆ ನೋಡಿ.

1940ರಲ್ಲಿ ನ್ಯೂಯಾರ್ಕ್ ಸೇರಿದ ಮಾಂಡ್ರಿಯಾನ್ ಬಣ್ಣದ ಅಂಟುಪಟ್ಟಿಗಳನ್ನು ಕ್ಯಾನ್ವಾಸ್ ಮೇಲೆ ಹಚ್ಚಿ, ಕಿತ್ತು, ಬೇರೆಡೆ ಹಚ್ಚಿ ಗೆರೆಗಳ ಜಾಗ ಗೊತ್ತುಮಾಡುತ್ತಿದ್ದ. 1944ರ ಫೆಬ್ರವರಿ 1ರಂದು ತೀರಿಕೊಂಡಾಗ ‘ವಿಕ್ಟರಿ ಬೂಗಿ ವೂಗಿ’ ಮುಗಿದಿರಲಿಲ್ಲ. ಪಟ್ಟಿಯ, ಕಾಗದದ ಚೂರುಗಳು ಅಂಟಿಕೊಂಡೇ ಇರುವ ಆ ಚಿತ್ರ ಈಗ ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂನಲ್ಲಿದೆ. ಕೆಂಪು ಮರ ಇರುವುದೂ ಅದೇ ಮ್ಯೂಸಿಯಂನಲ್ಲಿ.