ಲದ್ದಿಹುಳುವಿಗೆ ಔಷಧಿ ನಾಟದಿರುವುದೇಕೆ?

ಮೆಕ್ಕೆಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು, ಅಂದರೆ ನಮ್ಮ ರೈತರ ಬಾಯಲ್ಲಿ ಲದ್ದಿಹುಳು, ಅಮೆರಿಕ ಖಂಡದ ಕೀಟ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡ ಇದು 2018ರ ಮುಂಗಾರಿನಲ್ಲಿ ಶಿವಮೊಗ್ಗದ ಹೊಲಗಳಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದೇ ಮೊದಲು. ಈಗ ಹಲವು ಕಡೆ ಕೇಳಿಬರುವ ದೂರು ಒಂದೇ: ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ನಾಟುತ್ತಿಲ್ಲ.

ಹುಳು ಬದಲಾಗುವ ಬಗೆ

ಔಷಧಿ ಕುಡಿದು ಹುಳು ಗಟ್ಟಿಯಾಗುವುದಿಲ್ಲ. ಒಂದೇ ಹೊಲದ ಸಾವಿರಾರು ಹುಳುಗಳಲ್ಲಿ ಕೆಲವಕ್ಕೆ ವಿಷ ತಡೆಯುವ ವಂಶವಾಹಿ ಹುಟ್ಟಿನಿಂದಲೇ ಇರುತ್ತದೆ. ಕೆಲವು ವಂಶವಾಹಿಗಳು ವಿಷವನ್ನು ಒಡೆದುಹಾಕುವ ಕಿಣ್ವಗಳನ್ನು ಹೆಚ್ಚು ತಯಾರಿಸುತ್ತವೆ. ಇನ್ನು ಕೆಲವು, ವಿಷ ಹೋಗಿ ಅಂಟಿಕೊಳ್ಳಬೇಕಾದ ಜಾಗದ ರಚನೆಯನ್ನೇ ಬದಲಿಸಿರುತ್ತವೆ. ಸಿಂಪಡಣೆಯಲ್ಲಿ ಉಳಿದವೆಲ್ಲ ಸತ್ತು ಇವು ಮಾತ್ರ ಬದುಕುತ್ತವೆ, ತಮ್ಮ ತಮ್ಮಲ್ಲೇ ಕೂಡಿ ಸಂತಾನ ಬೆಳೆಸುತ್ತವೆ. ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಬೆಚ್ಚನೆಯ ಹವೆಯಲ್ಲಿ ಸುಮಾರು 30 ದಿನಕ್ಕೆ ಒಂದು ಪೀಳಿಗೆ ಮುಗಿಯುತ್ತದೆ. ಹೀಗಾಗಿ ನಾಲ್ಕಾರು ಹುಳುಗಳ ಗುಣ ಬೇಗನೆ ಇಡೀ ಸೀಮೆಗೆ ಹರಡುತ್ತದೆ.

ಈ ಕೀಟ ಬರಿಗೈಲಿ ಬಂದಿಲ್ಲ. ಆಫ್ರಿಕಾ ಮತ್ತು ಏಷ್ಯಾದ ಹುಳುಗಳಲ್ಲಿ ಆರ್ಗನೋಫಾಸ್ಫೇಟ್ ಗುಂಪಿನ ಹಳೆಯ ಕೀಟನಾಶಕಗಳನ್ನು ತಡೆಯುವ ವಂಶವಾಹಿ ಬದಲಾವಣೆಗಳು ಪತ್ತೆಯಾಗಿವೆ. ಬ್ರೆಜಿಲ್‌ನಲ್ಲಿ ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಹೊಸ ಔಷಧಿಗಳಿಗೂ ನಿರೋಧಕತೆ ಕಂಡಿದೆ. ಪೋರ್ಟೊರಿಕೊದಲ್ಲಿ, ಹುಳು ತಡೆಯಲೆಂದೇ ರೂಪಿಸಿದ ಬಿಟಿ ಮೆಕ್ಕೆಜೋಳವನ್ನೇ ಮೇಯುವ ಹುಳುಗಳು ಹುಟ್ಟಿಕೊಂಡವು.  

ಎಲ್ಲರೂ ಎಡವುವ ಜಾಗ

ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಾಮ್ ಮಿಶ್ರಣದಿಂದ (ಪ್ರತಿ ಕೆ.ಜಿ. ಬೀಜಕ್ಕೆ 4 ಮಿ.ಲೀ.) ಬೀಜೋಪಚಾರ ಮಾಡಿದರೆ ಮೊದಲ ಎರಡು ಮೂರು ವಾರ ಬೆಳೆಗೆ ರಕ್ಷಣೆ ಸಿಗುತ್ತದೆ. ಅದರ ಬೆನ್ನಿಗೇ ಕ್ಲೋರಾಂಟ್ರಾನಿಲಿಪ್ರೋಲ್ ಹೊಡೆಯಬೇಡಿ. ಸಯಾಂಟ್ರಾನಿಲಿಪ್ರೋಲ್ ಕೂಡ ಅದೇ ಗುಂಪಿನದು, ಅಂದರೆ ಹುಳುವಿನ ಮೈಯಲ್ಲಿ ಅದೇ ಜಾಗಕ್ಕೆ ಅಂಟುವಂಥದ್ದು; ಒಂದನ್ನು ತಡೆದ ಹುಳು ಇನ್ನೊಂದನ್ನೂ ತಡೆಯಬಹುದು. ಫ್ಲುಬೆಂಡಿಯಮೈಡ್ ಸಹ ಅದೇ ಗುಂಪು. ಅಂಗಡಿಯಲ್ಲಿ ಬ್ರ್ಯಾಂಡ್ ಬದಲಾದರೆ ಔಷಧಿ ಬದಲಾದಂತಲ್ಲ. ಡಬ್ಬಿಯ ಮೇಲಿನ ರಾಸಾಯನಿಕದ ಹೆಸರು ಓದಿ, ಬರೆದಿಟ್ಟುಕೊಳ್ಳಿ.

ಮಾಡಬೇಕಾದ್ದು

- ಮಾಗಿ ಉಳುಮೆ ಮಾಡಿ. ಮಣ್ಣಿನಲ್ಲಿರುವ ಕೋಶಗಳು ಮೇಲೆ ಬಂದು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತವೆ.
- ಊರಿನವರೆಲ್ಲ ಒಟ್ಟಿಗೆ ಬಿತ್ತಿ. ವರ್ಷವಿಡೀ ಮೆಕ್ಕೆಜೋಳ ನಿಂತಿದ್ದರೆ ಹುಳುವಿಗೆ ಬಿಡುವಿಲ್ಲದೆ ಮೇವು ಸಿಗುತ್ತದೆ.
- ಎಕರೆಗೆ 5 ಮೋಹಕ ಬಲೆ ಕಟ್ಟಿ ಪತಂಗಗಳ ಮೇಲೆ ಕಣ್ಣಿಡಿ.
- ಸುಳಿ ಬಿಡಿಸಿ ನೋಡಿ. ಒದ್ದೆ ಹಿಕ್ಕೆ, ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಲದ್ದಿಹುಳುವೇ. ಮೊಟ್ಟೆಯ ಗುಂಪು ಕಂಡರೆ ಕೈಯಿಂದಲೇ ಹಿಚುಕಿ.
- ಎಳೆ ಬೆಳೆಯಲ್ಲಿ 100ಕ್ಕೆ 5 ಗಿಡ ಹಾನಿಗೊಂಡಾಗ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿ.
- ಹಾನಿ ಶೇ. 10 ದಾಟಿದರೆ ಪ್ರತಿ ಲೀಟರ್ ನೀರಿಗೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ 0.4 ಗ್ರಾಂ ಬೆರೆಸಿ, ಸಂಜೆ ಹೊತ್ತು ಸುಳಿಯೊಳಗೆ ಇಳಿಯುವಂತೆ ಹೊಡೆಯಿರಿ. ಮುಂದಿನ ಪೀಳಿಗೆಗೆ ಬೇರೆ ಗುಂಪಿನ ಸ್ಪೈನೆಟೊರಾಮ್ 11.7 ಎಸ್‌ಸಿ ಲೀಟರಿಗೆ 0.5 ಮಿ.ಲೀ. ಬಳಸಿ.
- ಬೆಳೆದ ಹುಳು ಸುಳಿಯ ಆಳಕ್ಕೆ ಇಳಿದು ಹಿಕ್ಕೆಯ ಮರೆಯಲ್ಲಿ ಕೂರುತ್ತದೆ. ಆದ್ದರಿಂದ ಹುಳು ಸಣ್ಣದಿರುವಾಗಲೇ ಹತೋಟಿ ಮಾಡಿ.

ಮೈಮೇಲೆ ಬಿಳಿ-ಹಸಿರು ಬೂಷ್ಟು ಹಿಡಿದು ಸತ್ತ ಹುಳುಗಳು ಹೊಲದಲ್ಲಿ ಕಂಡರೆ ಸಿಂಪಡಣೆಗೆ ಅವಸರ ಬೇಡ. ಅದು ನಮ್ಮ ಪರವಾಗಿ ಕೆಲಸ ಮಾಡುವ ಶಿಲೀಂಧ್ರ.

ಪತಂಗ ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಹಾರಬಲ್ಲದು. ಒಬ್ಬರ ಹೊಲದಲ್ಲಿ ಹುಟ್ಟಿದ ನಿರೋಧಕ ಹುಳು ನಾಳೆ ಎಲ್ಲರ ಹೊಲದಲ್ಲೂ ಇರುತ್ತದೆ. ಆದ್ದರಿಂದ ಈ ಹಂಗಾಮಿನಲ್ಲಿ ಯಾವ ಗುಂಪಿನ ಔಷಧಿ ಯಾವಾಗ ಎಂಬುದನ್ನು ಅಕ್ಕಪಕ್ಕದ ರೈತರೆಲ್ಲ ಕೂತು, ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದು, ಬಿತ್ತುವ ಮೊದಲೇ ತೀರ್ಮಾನಿಸಿ.