ಎಥನಾಲ್‌ನಿಂದ ಬ್ಯುಟನಾಲ್: ಲ್ಯಾಬ್‌ನಲ್ಲಿ ಮೊದಲ ಪ್ರಯೋಗ, ಹಂತ ಹಂತವಾಗಿ

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್ ಒಳ್ಳೆಯ ಇಂಧನವೇ, ಆದರೆ ಎರಡು ಕೊರತೆಗಳಿವೆ. ಪೆಟ್ರೋಲ್ ಲೀಟರಿಗೆ ಸುಮಾರು 32 ಮೆಗಾಜೂಲ್ ಶಕ್ತಿ ಕೊಟ್ಟರೆ ಇದು ಕೊಡುವುದು 21. ಜೊತೆಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬ್ಯುಟನಾಲ್‌ನಲ್ಲಿ ಸುಮಾರು 29 ಮೆಗಾಜೂಲ್ ಇದೆ, ನೀರಿನ ಜೊತೆ ಅದು ಅಷ್ಟಾಗಿ ಬೆರೆಯುವುದೂ ಇಲ್ಲ. ಯಲಹಂಕ, ಹೆಬ್ಬಾಳದ ಕಡೆಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಹುಡುಕುತ್ತಿರುವ ಎಂ.ಎಸ್ಸಿ. ಮತ್ತು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದ್ದೇನೆ. ಮನೆಯಲ್ಲಿ ಖಂಡಿತ ಮಾಡಬೇಡಿ.

ಹಂತ 1: ಮೊದಲು ಕಾಗದದ ಮೇಲೆ. ಎಥನಾಲ್‌ನ ಎರಡು ಅಣುಗಳನ್ನು ಕೂಡಿಸಿ ಬ್ಯುಟನಾಲ್ ಮಾಡುವ ಈ ಬಗೆಯ ಜೋಡಣೆಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲ್ ಗೆರ್ಬೆ ಅವರ ಹೆಸರಿದೆ. ಅವರ ವರದಿ ಬಂದದ್ದು 1899ರಲ್ಲಿ. ಎಥನಾಲ್ ಹೈಡ್ರೋಜನ್ ಕಳೆದುಕೊಂಡು ಅಸಿಟಾಲ್ಡಿಹೈಡ್ ಆಗುತ್ತದೆ. ಅಂಥ ಎರಡು ಅಣುಗಳು ಕೂಡಿ, ನೀರು ಬಿಟ್ಟು ಕ್ರೋಟೊನಾಲ್ಡಿಹೈಡ್ ಆಗುತ್ತವೆ. ಮೊದಲು ಕಳೆದ ಹೈಡ್ರೋಜನ್ನೇ ಅದಕ್ಕೆ ಮರಳಿ ಸೇರಿದರೆ ಬ್ಯುಟನಾಲ್. ಒಟ್ಟು ಲೆಕ್ಕದಲ್ಲಿ 92 ಗ್ರಾಂ ಎಥನಾಲ್‌ಗೆ 74 ಗ್ರಾಂ ಬ್ಯುಟನಾಲ್, 18 ಗ್ರಾಂ ನೀರು. ಇದನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಹಂತ 2: ಎಥನಾಲ್. ಅಬಕಾರಿ ನಿಯಮದಂತೆ ಕಾಲೇಜಿನ ಹೆಸರಿನಲ್ಲೇ ತರಿಸಿ. ಬಟ್ಟಿ ಇಳಿಸಿದ ಮಾತ್ರಕ್ಕೆ ಅದು ಶೇ 95.6ರ ಆಚೆ ಹೋಗುವುದಿಲ್ಲ. ಉಳಿದ ನೀರು ತೆಗೆಯಲು 3ಎ ಮಾಲಿಕ್ಯುಲಾರ್ ಸೀವ್ ಬೇಕು. ಇನ್ನೊಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪುಸ್ತಕದಲ್ಲಿ 78 ಡಿಗ್ರಿಗೆ ಕುದಿಯುವ ಎಥನಾಲ್ ಇಲ್ಲಿ 75-76ಕ್ಕೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಹಂತ 3: ವೇಗವರ್ಧಕ. ಇಡೀ ಪ್ರಯೋಗದ ಜೀವಾಳ ಇಲ್ಲಿದೆ, ಅವಸರ ಬೇಡ. ನಮಗೆ ಬೇಕಾದ್ದು ಹೈಡ್ರೋಟಾಲ್ಸೈಟ್, ಅಂದರೆ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಪದರಪದರವಾದ ಹೈಡ್ರಾಕ್ಸೈಡ್. ಈ ವಸ್ತುಗಳ ಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಿ. ವಿಷ್ಣು ಕಾಮತ್ ಅವರು ಬಹುಕಾಲ ಸಂಶೋಧನೆ ನಡೆಸಿದ್ದಾರೆ. ಓದನ್ನು ಅವರ ಪ್ರಬಂಧಗಳಿಂದಲೇ ಶುರು ಮಾಡಿ.

19.2 ಗ್ರಾಂ ಮೆಗ್ನೀಸಿಯಂ ನೈಟ್ರೇಟ್ (ಹೆಕ್ಸಾಹೈಡ್ರೇಟ್), 9.4 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್ (ನೊನಾಹೈಡ್ರೇಟ್) ಎರಡನ್ನೂ 100 ಮಿ.ಲೀ. ನೀರಿನಲ್ಲಿ ಕರಗಿಸಿ. ಬೇರೊಂದು ಬೀಕರಿನಲ್ಲಿ 5.3 ಗ್ರಾಂ ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು 60 ಡಿಗ್ರಿಗೆ ಕಾಯಿಸಿ, ಕಲಕುತ್ತಾ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಜೊತೆಜೊತೆಗೇ ಕಾಸ್ಟಿಕ್ ಸೋಡಾ ದ್ರಾವಣ ಹನಿಸುತ್ತಾ ಪಿಎಚ್ 10ರ ಆಸುಪಾಸಿನಲ್ಲೇ ಇರುವಂತೆ ನೋಡಿಕೊಳ್ಳಿ. ಬೆಳ್ಳಗೆ ಹಾಲಿನಂಥ ಪ್ರಕ್ಷೇಪ ಬರುತ್ತದೆ. ರಾತ್ರಿಯಿಡೀ ಹಾಗೇ ಬಿಡಿ. ಬೆಳಗ್ಗೆ ಸೋಸಿ, ತೊಳೆದ ನೀರಿನ ಪಿಎಚ್ 7ಕ್ಕೆ ಬರುವವರೆಗೂ ತೊಳೆಯಿರಿ. ಸೋಡಿಯಂ ಉಳಿದರೆ ಪ್ರತ್ಯಾಮ್ಲ ಗುಣ ಏರುಪೇರಾಗಿ, ನಿಮ್ಮ ಫಲಿತಾಂಶ ಇನ್ನೊಬ್ಬರ ಫಲಿತಾಂಶದ ಜೊತೆ ತಾಳೆಯಾಗದು. ಆಮೇಲೆ 100 ಡಿಗ್ರಿಯಲ್ಲಿ ಒಣಗಿಸಿ.

ಹಂತ 4: ಸುಡುವುದು. 450 ಡಿಗ್ರಿಯ ಫರ್ನೇಸಿನಲ್ಲಿ ಐದು ಗಂಟೆ. ಸುಮಾರು 7.5 ಗ್ರಾಂ ಪುಡಿ 4.3 ಗ್ರಾಂಗೆ ಇಳಿಯಬೇಕು. ಇಳಿಯದಿದ್ದರೆ ಪೂರ್ತಿ ಸುಟ್ಟಿಲ್ಲ ಎಂದರ್ಥ. ಸುಟ್ಟ ಮೇಲೆ ಉಳಿಯುವ ಆಕ್ಸೈಡ್ ಗಾಳಿಯ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಹಳೆಯ ಪದರ ರೂಪಕ್ಕೆ ಮರಳುತ್ತದೆ. ಮಳೆಗಾಲದಲ್ಲಂತೂ ಬಿಸಿಯಿರುವಾಗಲೇ ಡೆಸಿಕೇಟರ್‌ಗೆ ಹಾಕಿ.

ಹಂತ 5: ರಿಯಾಕ್ಟರ್. ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಒಡೆದು, ಜರಡಿ ಹಿಡಿದು ಸಣ್ಣ ಕಣಗಳನ್ನು ತೆಗೆದುಕೊಳ್ಳಿ. ಸ್ಟೀಲ್ ಕೊಳವೆಯಲ್ಲಿ 2 ಗ್ರಾಂ ತುಂಬಿ. ಕಾಯಿಸುವ ಮೊದಲು ನೈಟ್ರೋಜನ್ ಹರಿಸಿ ಒಳಗಿನ ಗಾಳಿಯನ್ನೆಲ್ಲ ಹೊರಹಾಕಲೇಬೇಕು. 350 ಡಿಗ್ರಿಯಲ್ಲಿ, ಗಂಟೆಗೆ 2 ಮಿ.ಲೀ. ಎಥನಾಲನ್ನು ಸಿರಿಂಜ್ ಪಂಪ್‌ನಿಂದ ಬಿಡಿ. ಅಸಿಟಾಲ್ಡಿಹೈಡ್ 20 ಡಿಗ್ರಿಗೇ ಕುದಿಯುವುದರಿಂದ ಕಂಡೆನ್ಸರ್ ಸಾಲದು, ಅದರಾಚೆ ಐಸ್ ಟ್ರ್ಯಾಪ್ ಇರಲಿ. ಕ್ರೋಟೊನಾಲ್ಡಿಹೈಡ್ ವಿಷ, ಕಣ್ಣುರಿಸುತ್ತದೆ. ಎಲ್ಲವೂ ಫ್ಯೂಮ್ ಹುಡ್ ಒಳಗೇ, ಮಾರ್ಗದರ್ಶಕರ ಎದುರಿನಲ್ಲೇ ನಡೆಯಬೇಕು.

ಹಂತ 6: ಕಾರ್ಬನ್ ಲೆಕ್ಕ. ಬಂದ ದ್ರವವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಕೊಡಿ. ಉದಾಹರಣೆಗೆ, 10 ಗ್ರಾಂ ಎಥನಾಲ್ ಹಾಕಿ 8 ಗ್ರಾಂ ಹಾಗೇ ಮರಳಿದರೆ ಪರಿವರ್ತನೆ ಶೇ 20. ಖರ್ಚಾದ 2 ಗ್ರಾಂನಿಂದ ಹೆಚ್ಚೆಂದರೆ 1.6 ಗ್ರಾಂ ಬ್ಯುಟನಾಲ್ ಬರಬಹುದು. ಸಿಕ್ಕಿದ್ದು 0.64 ಗ್ರಾಂ ಆದರೆ ಆಯ್ಕೆ (ಸೆಲೆಕ್ಟಿವಿಟಿ) ಶೇ 40. ಉಳಿದ 60 ಎಲ್ಲಿ ಹೋಯಿತು? ಎಥಿಲೀನ್, ಈಥರ್ ಹೆಚ್ಚಿದ್ದರೆ ಆಮ್ಲ ತಾಣಗಳು ಜಾಸ್ತಿಯಾಗಿವೆ. ಅಸಿಟಾಲ್ಡಿಹೈಡ್ ಉಳಿದಿದ್ದರೆ ಜೋಡಣೆಯ ಹಂತ ನಿಧಾನವಾಗಿದೆ. ಹೆಕ್ಸನಾಲ್ ಕಂಡರೆ ಬ್ಯುಟನಾಲ್ ಮುಂದಕ್ಕೂ ಜೋಡಿಸಿಕೊಂಡಿದೆ. ಪರಿವರ್ತನೆಯ ದೊಡ್ಡ ಅಂಕಿ ತೋರಿಸುವ ಆಸೆಗೆ ಉಷ್ಣತೆ ಏರಿಸುವವರು ಬಹಳ. ನನ್ನ ಮಟ್ಟಿಗೆ ಈ ಲೆಕ್ಕ ಕೂಡಿಬರದ ಪ್ರಯೋಗಕ್ಕೆ ಬೆಲೆಯಿಲ್ಲ. ಒಟ್ಟು ಕಾರ್ಬನ್ ಶೇ 95ಕ್ಕಿಂತ ಕಡಿಮೆ ಬಂದರೆ ಮೊದಲು ಸೋರಿಕೆ ಹುಡುಕಿ, ಐಸ್ ಟ್ರ್ಯಾಪ್ ನೋಡಿ.

ಲೆಕ್ಕ ಕೂಡಿಬಂದ ಮೇಲೆ ಅದೇ ಕೊಳವೆ, ಅದೇ ಉಷ್ಣತೆ ಇಟ್ಟುಕೊಂಡು, ವೇಗವರ್ಧಕವಾಗಿ ಹೈಡ್ರಾಕ್ಸಿಅಪಟೈಟ್ ಪ್ರಯತ್ನಿಸಿ. ನಮ್ಮ ಮೂಳೆ, ಹಲ್ಲುಗಳಲ್ಲಿರುವ ಖನಿಜದ ಜಾತಿಯದೇ ಅದು. ಕ್ಯಾಲ್ಸಿಯಂ-ಫಾಸ್ಫರಸ್ ಅನುಪಾತವನ್ನು 1.67ರ ಸುತ್ತ ಸ್ವಲ್ಪ ಸ್ವಲ್ಪವೇ ಬದಲಿಸಿದರೆ ಬ್ಯುಟನಾಲ್ ಪಾಲು ಹೇಗೆ ಬದಲಾಗುತ್ತದೆ ಎಂಬುದೇ ಒಂದು ಸೆಮಿಸ್ಟರ್ ಪೂರ್ತಿ ಮಾಡುವಷ್ಟು ಕೆಲಸ.