ಪುಸ್ತಕ ಮುಚ್ಚಿಟ್ಟು ಓದು

ಮಗಳೇ,

ರ‍್ಯಾಂಕ್ ಬಂದವರ ವೇಳಾಪಟ್ಟಿ ತಂದು ಗೋಡೆಗೆ ಅಂಟಿಸಿದ್ದೀಯ. ಪಠ್ಯದ ಪುಟಪುಟಕ್ಕೂ ಹಳದಿ, ಗುಲಾಬಿ ಬಣ್ಣದ ಗೆರೆ ಎಳೆದಿದ್ದೀಯ. ಆದರೂ ಇಂಟರ್ನಲ್ಸ್‌ನಲ್ಲಿ ಓದಿದ್ದೊಂದೂ ನೆನಪಾಗಲಿಲ್ಲ ಎಂದು ಕೊರಗುತ್ತೀಯ, ಇನ್ನು ಪಠ್ಯದ ಸಹವಾಸವೇ ಬೇಡ, ಗೈಡ್ ಸಾಕು ಅನ್ನುತ್ತೀಯ. ಗೈಡೋ ಪಠ್ಯವೋ, ತೀರ್ಮಾನ ನಿನ್ನದೇ. ಎರಡೂ ಕಡೆ ತೂಗಿ ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಓದುವ ಕ್ರಮವನ್ನು ಇನ್ನೊಬ್ಬರಿಂದ ಎರವಲು ತರಬಹುದು ಎಂದು ನೀನು ನಂಬಿದ್ದೀಯಲ್ಲ, ಅದಕ್ಕೆ ನನಗೆ ನಿಜವಾಗಿಯೂ ಬೇಸರವಾಗಿದೆ.

ಓದಿದ್ದು ಏಕೆ ನೆನಪಾಗಲಿಲ್ಲ ಎಂಬುದನ್ನು ಮೊದಲು ನೋಡೋಣ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರೇ ಮುಂದು: ಅವರಿಗೆ ನೆನಪಿದ್ದದ್ದು ಶೇ. 83, ಬರೆದವರಿಗೆ ಶೇ. 71. ಒಂದು ವಾರ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತು. ಓದಿದವರಲ್ಲಿ ಶೇ. 40 ಉಳಿದಿತ್ತು, ಬರೆದವರಲ್ಲಿ ಶೇ. 61. ಇನ್ನೂ ಮುಖ್ಯವಾದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಬರೀ ಓದಿದವರಿಗೇ. ಕಣ್ಣಿಗೆ ಪರಿಚಯವಾದದ್ದೆಲ್ಲ ತಲೆಗೆ ಬಂತು ಎಂದು ಮನಸ್ಸು ಭಾವಿಸುತ್ತದೆ. ನಿನ್ನ ಬಣ್ಣದ ಗೆರೆಗಳು ಮಾಡುತ್ತಿರುವುದೂ ಅದನ್ನೇ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಕಲಿಕಾ ವಿಧಾನಗಳನ್ನು ಪರಿಶೀಲಿಸಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡನ್ನೂ ಕಡಿಮೆ ಉಪಯೋಗದ ಸಾಲಿಗೆ ಸೇರಿಸಿದರು. ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು, ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು, ಈ ಎರಡಕ್ಕೆ ಮೇಲಿನ ಸ್ಥಾನ ಸಿಕ್ಕಿತು.

ನಮ್ಮ ತಲೆಮಾರಿಗೆ ಈ ಸಂಶೋಧನೆಯ ಗಂಧವೂ ಇರಲಿಲ್ಲ, ಆದರೆ ಬಡತನ ಅದೇ ಕೆಲಸ ಮಾಡಿಸಿತು. ಲೈಬ್ರರಿಯಲ್ಲಿದ್ದ ಒಂದು ಪ್ರತಿಗೆ ಇಡೀ ತರಗತಿ ಕಾಯುತ್ತಿತ್ತು. ಊರಲ್ಲಿ ಝೆರಾಕ್ಸ್ ಅಂಗಡಿ ಇರಲಿಲ್ಲ. ಪುಸ್ತಕ ಹಿಂದಿರುಗಿಸುವ ದಿನದೊಳಗೆ ಓದಿ, ಸಾರವನ್ನು ನೋಟ್ಸ್ ಪುಸ್ತಕಕ್ಕೆ ಇಳಿಸಲೇಬೇಕಿತ್ತು. ಎಲ್ಲವನ್ನೂ ನಕಲು ಮಾಡಲು ಸಮಯ ಸಾಲದು, ಹಾಗಾಗಿ ಯಾವುದು ಮುಖ್ಯ ಎಂದು ಓದುವವನೇ ನಿರ್ಧರಿಸಬೇಕಿತ್ತು. ಪುಸ್ತಕ ಕೈಬಿಟ್ಟ ಮೇಲೆ ಹಾಸ್ಟೆಲಿನ ಜಗಲಿಯಲ್ಲಿ ಒಬ್ಬರು ಕೇಳಿದರೆ ಇನ್ನೊಬ್ಬರು ಹೇಳುತ್ತಿದ್ದರು. ಉರು ಹೊಡೆದವರೂ ಬೇಕಾದಷ್ಟಿದ್ದರು, ಆ ಕಾಲ ಚಿನ್ನದಂಥದ್ದು ಎಂದು ಹೇಳುತ್ತಿಲ್ಲ. ಆದರೆ ಅಂದಿನ ನೋಟ್ಸು ಅದನ್ನು ಬರೆದವನ ತಲೆಯಲ್ಲಿ ಒಮ್ಮೆ ಹಾದು ಬಂದಿರುತ್ತಿತ್ತು. ಗೈಡಿನಲ್ಲಿ ಆ ಕೆಲಸವನ್ನು ಬೇರೆ ಯಾರೋ ಮಾಡಿ ಮುಗಿಸಿರುತ್ತಾರೆ. ಪರೀಕ್ಷೆಗೆ ಮುಂಚೆ ಪ್ರಶ್ನೆಗಳ ರೀತಿ ತಿಳಿಯಲು ಅದನ್ನು ನೋಡು, ಅಷ್ಟಕ್ಕೆ ನನ್ನ ತಕರಾರಿಲ್ಲ.

ಒಂದೇ ಕ್ರಮ ಎಲ್ಲ ವಿಷಯಕ್ಕೂ ಒಗ್ಗುವುದಿಲ್ಲ. ನಿನ್ನ ರಾಜ್ಯಶಾಸ್ತ್ರದಲ್ಲಿ ಬರುವ ಕೇಶವಾನಂದ ಭಾರತಿ ಪ್ರಕರಣವನ್ನೇ ತೆಗೆದುಕೋ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಹೂಡಿದ ದಾವೆ ಅದು. ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಆ ಮಹಾ ತೀರ್ಪನ್ನು ಮೊದಲ ಪುಟದಿಂದ ಗೆರೆ ಎಳೆಯುತ್ತಾ ಹೋದರೆ ದಡ ಸಿಗದು. 368ನೇ ವಿಧಿಯಡಿ ಸಂವಿಧಾನವನ್ನು ಸಂಸತ್ತು ಎಲ್ಲಿಯವರೆಗೆ ತಿದ್ದಬಹುದು ಎಂಬ ಒಂದು ಪ್ರಶ್ನೆ ಹಿಡಿದು ಒಳಗೆ ಹೋಗು. ಮೂಲ ಸಂರಚನೆಯನ್ನು ಕೆಡಿಸಕೂಡದು ಎಂದ ಏಳು ಜನರ ವಾದವೇನು, ಒಪ್ಪದ ಆರು ಜನರ ವಾದವೇನು ಎಂದು ಹುಡುಕು. ಆಮೇಲೆ ಪುಸ್ತಕ ಮುಚ್ಚಿ, ಸೋತವರ ಪರವಾಗಿ ಅರ್ಧ ಪುಟ ಬರೆ. ಸಂಖ್ಯಾಶಾಸ್ತ್ರದಲ್ಲಿ ಈ ದಾರಿ ನಡೆಯದು. ಅಲ್ಲಿ ಬಿಡಿಸಿದ ಲೆಕ್ಕವನ್ನು ಹಾಳೆಯಿಂದ ಮುಚ್ಚಿ ನೀನೇ ಬಿಡಿಸಬೇಕು.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಅನ್ನುತ್ತೀಯ. ಮೂರನೇ ಸಲ, ನಾಲ್ಕನೇ ಸಲ ಓದುವ ಸಮಯವನ್ನೇ ಇದಕ್ಕೆ ಕೊಡು. 2006ರ ಆ ಪ್ರಯೋಗದಲ್ಲಿ ಎರಡೂ ಗುಂಪಿಗೆ ಸಿಕ್ಕಿದ್ದು ನಾಲ್ಕೇ ಅವಧಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಈಗ ಇಂಗ್ಲಿಷ್ ಪಠ್ಯ ನಿಧಾನವಾಗುತ್ತಿದೆ ಎಂಬ ನಿನ್ನ ಕಷ್ಟ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ವಯಸ್ಕರೇ ಅದನ್ನು ಓದುವುದು ನಿಮಿಷಕ್ಕೆ ಸರಾಸರಿ 238 ಪದ ಎಂಬ ಅಂದಾಜಿದೆ. 12,000 ಪದಗಳ ಅಧ್ಯಾಯಕ್ಕೆ ಅವರಿಗೇ ಸುಮಾರು 50 ನಿಮಿಷ ಬೇಕು. ನಿನಗೆ ಎರಡರಷ್ಟು ಹಿಡಿದರೆ ನಾಚಿಕೆ ಏಕೆ? ವೇಗದ ಓದು ಕಲಿಸುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಬೇಡ, ವೇಗ ಏರಿದಷ್ಟೂ ಗ್ರಹಿಕೆ ಇಳಿಯುತ್ತದೆ. ಮುಚ್ಚಿಟ್ಟು ಬರೆಯುವಾಗ ಮೊದಲು ಕನ್ನಡದಲ್ಲೇ ಬರೆ. ವಾದ ಹಿಡಿತಕ್ಕೆ ಬಂದ ಮೇಲೆ ಅದೇ ಅರ್ಧ ಪುಟವನ್ನು ಇಂಗ್ಲಿಷಿನಲ್ಲಿ ಬರೆ.

ಗದರಿದೆ ಅನ್ನಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮಗೂ. ನಿನಗೆ ಬುದ್ಧಿ ಸಾಲದು ಎಂದು ನೀನೇ ತೀರ್ಮಾನಿಸಿಬಿಡುತ್ತೀಯೋ ಎಂಬ ಹೆದರಿಕೆಯಿಂದ ಇಷ್ಟು ಬರೆದೆ. ಯಾವ ವಿಷಯಕ್ಕೆ ಎಷ್ಟು ಹೊತ್ತು, ಬೆಳಿಗ್ಗೆಯೋ ರಾತ್ರಿಯೋ, ಬರೆದೋ ಬಾಯಲ್ಲಿ ಹೇಳಿಕೊಂಡೋ ಎಂಬುದನ್ನು ಒಂದು ತಿಂಗಳು ನೀನೇ ಪರೀಕ್ಷಿಸಿ ನೋಡು. ರಜೆಗೆ ಬರುವಾಗ ಆ ಅರ್ಧ ಪುಟಗಳನ್ನು ತಾ. ತಪ್ಪು ಹೆಚ್ಚಿರುವುದನ್ನೇ ಮೊದಲು ಕೂತು ನೋಡೋಣ.